ಹಸಿಮೊಟ್ಟೆ ಡಾಕ್ಟರು

ಶಿರಾ ಗೇಟ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಮನೆ ಬಾಡಿಗೆಗೆ ತಗೊಂಡಿದ್ದೀವಿ. ಮಹಡಿ ಮೇಲೆ ಎರಡು ರೂಮು, ಒಂದು ಅಡುಗೆಮನೆ, ಕೆಳಗಡೆ ಹಗಲು ರಾತ್ರಿ ಗಾಡಿಗಳ ಹಾರನ್ನು. ಕಳೆದ ಸೆಮಿಸ್ಟರ್‌ನಲ್ಲಿ ಇಂಟರ್ನಲ್ಸ್ ಮುಗಿದ ವಾರ ನಮ್ಮಲ್ಲೊಬ್ಬನ ಅಮ್ಮ ಕುಣಿಗಲ್ ಕಡೆಯ ಹಳ್ಳಿಯಿಂದ ಬಂದು ಎರಡು ದಿನ ನಮ್ಮ ಜೊತೆ ಇದ್ದರು. ಮಗನನ್ನು ನೋಡೋದು ನೆಪ, ನಿಜವಾಗಿ ಬಂದಿದ್ದು ರಕ್ತ ಪರೀಕ್ಷೆಗೆ. ಐದಾರು ವರ್ಷದಿಂದ ಅವರಿಗೆ ಸುಸ್ತು. ಕೂತಲ್ಲೇ ನಿದ್ದೆ, ಕೂದಲು ಉದುರೋದು, ಬೇಸಿಗೆಯಲ್ಲೂ ಚಳಿ, ತಿನ್ನೋದು ಕಮ್ಮಿಯಾದ್ರೂ ತೂಕ ಜಾಸ್ತಿ. ಊರ ಹತ್ತಿರ ತೋರಿಸಿದಾಗಲೆಲ್ಲ ರಕ್ತ ಕಮ್ಮಿ ಅಂತ ಐರನ್ ಮಾತ್ರೆ ಸಿಕ್ಕಿತ್ತು. ಮನೆಯಲ್ಲಿ ಸಿಕ್ಕಿದ್ದು ಸೋಮಾರಿ ಅನ್ನೋ ಹೆಸರು.

ರಿಪೋರ್ಟ್ ಬಂತು. ನಾಲ್ಕರ ಆಸುಪಾಸಿನ ಒಳಗಿರಬೇಕಾದ ಟಿಎಸ್‌ಎಚ್ ನಲವತ್ತು ದಾಟಿತ್ತು. ಆಂಟಿ-ಟಿಪಿಒ ಅಂತ ಇನ್ನೊಂದು ಸಾಲು, ಅದರ ಪಕ್ಕದಲ್ಲಿ ದಪ್ಪ ಅಕ್ಷರದ ಅಂಕಿ. ಡಾಕ್ಟರು ಚೀಟಿಯ ಮೇಲೆ ಹಶಿಮೊಟೊ ಅಂತ ಬರೆದು, ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಅಂದರು. ಮೆಟ್ಟಿಲು ಹತ್ತಿ ಮನೆಗೆ ಬಂದು ಕೂತ ಮೇಲೆ ಅಮ್ಮ ಮೆಲ್ಲಗೆ ಕೇಳಿದರು, ಅವರ ಮನೆ ಒಳಗೆ ಮೊಟ್ಟೇನೇ ತರೋದಿಲ್ಲವಲ್ಲ, ಹಾಗಿರುವಾಗ ಈ ಹಸಿಮೊಟ್ಟೆ ಕಾಯಿಲೆ ಹೇಗೆ ಬಂತು ಅಂತ.

ನಾವು ನಕ್ಕುಬಿಟ್ಟೆವು. ಅಮ್ಮನೂ ನಕ್ಕರು. ಆಮೇಲೆ ನಗು ನಿಂತಾಗ ನಾಲ್ಕೂ ಜನಕ್ಕೆ ಹೊಳೆದಿದ್ದು, ಹಶಿಮೊಟೊ ಅಂದ್ರೆ ಏನು ಅಂತ ನಮಗೂ ಗೊತ್ತಿರಲಿಲ್ಲ ಅನ್ನೋದು. ಅವತ್ತು ರಾತ್ರಿ ಹುಡುಕೋಕೆ ಶುರು ಮಾಡಿದ್ದು ಇನ್ನೂ ಮುಗಿದಿಲ್ಲ. ಈ ಬರಹ ಅಲ್ಲಿಂದ ಹುಟ್ಟಿದ್ದು. ನಮ್ಮಲ್ಲಿ ಇಬ್ಬರು ಕನ್ನಡವನ್ನು ಎರಡನೇ ಭಾಷೆಯಾಗಿ ಓದಿದವರು, ತಪ್ಪಿದ್ದರೆ ಸಂಘದವರು ತಿದ್ದಿಕೊಳ್ಳಲಿ.

ಹಶಿಮೊಟೊ ಅಂದ್ರೆ ಮೊಟ್ಟೆಯಲ್ಲ, ಮನುಷ್ಯ. ಪೂರ್ತಿ ಹೆಸರು ಹಕಾರು ಹಶಿಮೊಟೊ. ಹುಟ್ಟಿದ್ದು 1881ರ ಮೇ 5ಕ್ಕೆ. ಅದೇ ವರ್ಷ ಮಾರ್ಚ್ 25ರಂದು ಬ್ರಿಟಿಷರು ಮೈಸೂರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಕೊಟ್ಟಿದ್ದರು. ಅದಾಗಿ ಸುಮಾರು ನಲವತ್ತು ದಿನಕ್ಕೆ ಜಪಾನಿನ ಮಿಯೆ ಪ್ರಾಂತ್ಯದ ಇಗಾ ಅನ್ನೋ ಕಡೆ, ಬೆಟ್ಟಗಳ ನಡುವಿನ ಒಂದು ಹಳ್ಳಿಯಲ್ಲಿ, ವೈದ್ಯರ ಮನೆತನದಲ್ಲಿ ಈ ಮಗು ಹುಟ್ಟಿತು. ಇಗಾ ಅಂದ ಕೂಡಲೇ ಅನಿಮೆ ನೋಡೋರಿಗೆ ಕಿವಿ ನಿಮಿರಿರುತ್ತೆ. ಹೌದು, ನಿಂಜಾಗಳ ಇಗಾ ಅದೇ. ಹಾಯ್ಕು ಕವಿ ಬಾಶೋ ಹುಟ್ಟಿದ ಸೀಮೆಯೂ ಅದೇ. ನಮ್ಮ ಕಥೆಗೆ ಇವೆರಡೂ ಬೇಕಿಲ್ಲ, ಆದ್ರೂ ಹೇಳದೇ ಇರೋಕಾಗಲ್ಲ.

ತಾತ ಗೆನ್‌ಇ ಆ ಸೀಮೆಯಲ್ಲಿ ಹೆಸರು ಮಾಡಿದ್ದ ವೈದ್ಯ. ತಾತನ ಹಾಗೆ ಆಗಬೇಕು ಅನ್ನೋದು ಹುಡುಗನಿಗೆ ಚಿಕ್ಕಂದಿನಿಂದ ಇತ್ತಂತೆ. ಆದರೆ ತಾತನ ಕಾಲದ ವೈದ್ಯಕೀಯ ಬೇರೆ, ಇವನು ಕಲಿಯಬೇಕಾದದ್ದು ಬೇರೆ. 1868ರ ಮೇಜಿ ಬದಲಾವಣೆ ಆದಮೇಲೆ ಜಪಾನ್ ಸರ್ಕಾರ ಜರ್ಮನ್ ವೈದ್ಯ ಪದ್ಧತಿಯನ್ನೇ ಆರಿಸಿಕೊಂಡಿತ್ತು. ಮೆಡಿಕಲ್ ಓದಬೇಕಾದ್ರೆ ಜರ್ಮನ್ ಬರಬೇಕು. ಮನೆಯಲ್ಲಿ ಒಂದು ಭಾಷೆ, ಕ್ಲಾಸಲ್ಲಿ ಇನ್ನೊಂದು ಭಾಷೆ ಅನ್ನೋ ಕಷ್ಟ ನಮಗೆ ಹೊಸದಲ್ಲ ಬಿಡಿ. ನಮ್ಮ ಸರ್ ಎಂ.ವಿ. 1898ರಲ್ಲಿ ಜಪಾನ್ ನೋಡೋಕೆ ಹೋದಾಗ ಹಶಿಮೊಟೊ ಹದಿನೇಳರ ಹುಡುಗ. ಆ ದೇಶ ಎಷ್ಟು ಜೋರಾಗಿ ಓಡ್ತಾ ಇತ್ತು ಅಂತ ಸರ್ ಎಂ.ವಿ. ಕಂಡು ಬಂದರು. ಆ ಓಟದ ಒಳಗೇ ಬೆಳೆದವರು ಹಶಿಮೊಟೊ.

1903ರಲ್ಲಿ ಕ್ಯೋಟೋ ಸಾಮ್ರಾಜ್ಯ ವಿಶ್ವವಿದ್ಯಾಲಯದವರು ದಕ್ಷಿಣದ ಕ್ಯೂಶೂ ದ್ವೀಪದ ಫುಕುವೊಕಾದಲ್ಲಿ ಹೊಸ ಮೆಡಿಕಲ್ ಕಾಲೇಜು ತೆಗೆದರು. ಹಶಿಮೊಟೊ ಅದರ ಮೊದಲ ಬ್ಯಾಚು. ಸೀನಿಯರ್ಸ್ ಇಲ್ಲ, ಹಳೇ ಪ್ರಶ್ನೆಪತ್ರಿಕೆ ಇಲ್ಲ, ಯಾವ ಮೇಷ್ಟ್ರು ಹೇಗೆ ಅಂತ ಹೇಳೋರಿಲ್ಲ. 1907ರಲ್ಲಿ ಪಾಸಾಗಿ ಅಲ್ಲೇ ಸರ್ಜರಿ ವಿಭಾಗ ಸೇರಿದರು. ಆ ವಿಭಾಗದ ಮುಖ್ಯಸ್ಥರು ಹಯಾರಿ ಮಿಯಾಕೆ. ಜಪಾನಿನಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯ ಮೊದಲಿಗರಲ್ಲಿ ಒಬ್ಬರು, ಯುರೋಪಿನ ಬ್ರೆಸ್ಲಾವ್‌ನಲ್ಲಿ ಮಿಕುಲಿಚ್ ಅನ್ನೋ ದೊಡ್ಡ ಸರ್ಜನ್ ಹತ್ತಿರ ಕಲಿತು ಬಂದಿದ್ದವರು. ಕಣ್ಣೀರು ಗ್ರಂಥಿ, ಜೊಲ್ಲಿನ ಗ್ರಂಥಿಗಳು ಒಟ್ಟಿಗೆ ಊದಿಕೊಳ್ಳೋ ಒಂದು ಕಾಯಿಲೆಗೆ ಆ ಮಿಕುಲಿಚ್ ಹೆಸರೇ ಇದೆ. ಗುರುವಿನ ಗುರು ಕಂಡ ಆ ಕಾಯಿಲೆ ಮುಂದೆ ಹಶಿಮೊಟೊ ಬರಹದಲ್ಲೂ ಬಂತು, ಇದು ಅದರ ಹಾಗಿದೆಯಾ ಅನ್ನೋ ಹೋಲಿಕೆಗೆ.

ಅವರಿಗೆ ಸಿಕ್ಕಿದ್ದು ನಾಲ್ಕು ಹೆಂಗಸರು. ಮಧ್ಯವಯಸ್ಸಿನವರು. ನಾಲ್ಕೂ ಜನಕ್ಕೆ ಕುತ್ತಿಗೆ ಮುಂಭಾಗ ಊದಿತ್ತು. ಆಪರೇಷನ್ ಮಾಡಿ ಥೈರಾಯ್ಡಿನ ಭಾಗ ತೆಗೆದಿದ್ದರು. ಸಾಮಾನ್ಯವಾಗಿ ಸರ್ಜನ್ ಕೆಲಸ ಅಲ್ಲಿಗೆ ಮುಗಿಯುತ್ತೆ. ಹಶಿಮೊಟೊ ಆ ತುಂಡುಗಳನ್ನು ತೆಳುವಾಗಿ ಕೊಯ್ದು ಬಣ್ಣ ಹಾಕಿ ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡುತ್ತಾ ಕೂತರು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಆರೋಗ್ಯವಾಗಿರೋ ಥೈರಾಯ್ಡನ್ನು ಹಾಗೆ ನೋಡಿದ್ರೆ ಕಾಣೋದು ಸಣ್ಣ ಸಣ್ಣ ದುಂಡನೆ ಗೂಡುಗಳು. ಪ್ರತಿ ಗೂಡಿನ ಸುತ್ತ ಒಂದೇ ಸಾಲು ಜೀವಕೋಶ, ಒಳಗಡೆ ಜೆಲ್ಲಿ ತರದ ಅಂಟು. ಆ ಜೆಲ್ಲಿಯ ಮುಖ್ಯ ವಸ್ತು ಥೈರೋಗ್ಲೋಬ್ಯುಲಿನ್ ಅನ್ನೋ ಪ್ರೋಟೀನು, ಉಪ್ಪಿನ ಮೂಲಕ ಬಂದ ಅಯೋಡಿನ್ ಅದಕ್ಕೆ ಅಂಟಿಕೊಂಡು ಹಾರ್ಮೋನು ತಯಾರಾಗುತ್ತೆ. ಮೈ ಬೆಚ್ಚಗಿರೋದು, ಹೃದಯ ಬಡಿಯೋ ವೇಗ, ತಲೆ ಚುರುಕಾಗಿರೋದು, ಎಲ್ಲಕ್ಕೂ ಆ ಹಾರ್ಮೋನು ಬೇಕು. ಹಶಿಮೊಟೊ ಕಂಡಿದ್ದು ಈ ಚಿತ್ರ ಅಲ್ಲ. ಗೂಡುಗಳು ಕುಗ್ಗಿಹೋಗಿವೆ. ಗೂಡಿನ ಜೀವಕೋಶಗಳು ತಮ್ಮ ಆಕಾರ ಬಿಟ್ಟು ಊದಿಕೊಂಡಿವೆ. ನಡುನಡುವೆ ನಾರು ಬೆಳೆದು ಗಟ್ಟಿಯಾಗಿದೆ. ಎಲ್ಲಕ್ಕಿಂತ ವಿಚಿತ್ರ ಅಂದ್ರೆ ಎಲ್ಲಿ ನೋಡಿದರೂ ಲಿಂಫೊಸೈಟ್, ಅಂದ್ರೆ ಸೋಂಕಿನ ಜೊತೆ ಹೋರಾಡೋ ಬಿಳಿ ರಕ್ತಕಣಗಳು. ಚದುರಿಕೊಂಡಿರೋದು ಮಾತ್ರ ಅಲ್ಲ, ಗುಂಪು ಕಟ್ಟಿಕೊಂಡು, ನಮಗೆ ಜ್ವರ ಬಂದಾಗ ದವಡೆ ಕೆಳಗೆ ಸಿಗೋ ಲಿಂಫ್ ಗಂಟಿನ ಒಳಗಡೆ ಹೇಗಿರುತ್ತೋ ಹಾಗೇ ಠಿಕಾಣಿ ಹೂಡಿವೆ. ಸೈನ್ಯ ಬಂದು ಬೀಡುಬಿಟ್ಟಿದೆ, ಆದರೆ ಶತ್ರು ಮಾತ್ರ ಕಾಣ್ತಾ ಇಲ್ಲ.

ಒಂದು ತುಂಡಿನಲ್ಲಿ ಹೀಗೆ ಕಂಡಿದ್ದರೆ ಯಾರಾದರೂ ವಿಚಿತ್ರ ಅಂದುಕೊಂಡು ಬಿಟ್ಟುಬಿಡ್ತಿದ್ದರು. ನಾಲ್ಕರಲ್ಲೂ ಅದೇ. ಆಗ ಥೈರಾಯ್ಡ್ ಗಟ್ಟಿಯಾಗೋ ಇನ್ನೊಂದು ಕಾಯಿಲೆ ಗೊತ್ತಿತ್ತು, ರೀಡೆಲ್ ಅನ್ನೋ ಜರ್ಮನ್ ಸರ್ಜನ್ ಹೇಳಿದ್ದು. ಹಶಿಮೊಟೊ ಒಂದೊಂದೇ ವ್ಯತ್ಯಾಸ ಇಟ್ಟು ಇದು ಅದಲ್ಲ ಅಂತ ತೋರಿಸಿದರು. ಸ್ಟ್ರೂಮಾ ಲಿಂಫೊಮಟೋಸಾ ಅಂತ ಹೊಸ ಹೆಸರು ಕೊಟ್ಟರು. ಸ್ಟ್ರೂಮಾ ಅಂದ್ರೆ ಗಳಗಂಡ. ಲಿಂಫೊಸೈಟ್ ತುಂಬಿದ ಗಳಗಂಡ ಅಂತ ಅರ್ಥ, ಅಷ್ಟೇ. ಕಂಡಿದ್ದಕ್ಕಿಂತ ಒಂದಕ್ಷರ ಜಾಸ್ತಿ ಇಲ್ಲ. ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ಗ್ರಾಫು ಸರಿಯಾಗಿ ಬರಲಿಲ್ಲ ಅಂದ್ರೆ ಬರೋ ಹಾಗೆ ರೀಡಿಂಗ್ ಬರೆದುಕೊಳ್ಳೋರು ನಾವು (ಯಾರೂ ಇಲ್ಲ ಅನ್ನಬೇಡಿ), ನಮಗೆ ಈ ಹೆಸರು ನೋಡಿ ಸ್ವಲ್ಪ ನಾಚಿಕೆ ಆಯ್ತು.

ಆ ಪ್ರಬಂಧ 1912ರಲ್ಲಿ ಬರ್ಲಿನ್ನಿನ ಸರ್ಜರಿ ಪತ್ರಿಕೆಯೊಂದರ 97ನೇ ಸಂಪುಟದಲ್ಲಿ ಬಂತು. ಜರ್ಮನ್ ಭಾಷೆ, 30 ಪುಟ, ಐದು ಚಿತ್ರ. ಬರೆದವರಿಗೆ ವಯಸ್ಸು ಮೂವತ್ತರ ಮೇಲೆ ಒಂದು. ಅದೇ ವರ್ಷದ ಕೊನೆಗೆ ಸರ್ ಎಂ.ವಿ. ಮೈಸೂರಿನ ದಿವಾನರಾದರು. ಅದು ಇಡೀ ರಾಜ್ಯಕ್ಕೆ ಗೊತ್ತಾಯಿತು. ಇದು ಯಾರಿಗೂ ಗೊತ್ತಾಗಲಿಲ್ಲ.

ಪ್ರಬಂಧ ಬಂದಮೇಲೆ ಹಶಿಮೊಟೊ ಯುರೋಪಿಗೆ ಹೋದರು. ಗೋಟಿಂಗನ್‌ನಲ್ಲಿ ಕಾಫ್ಮನ್ ಅನ್ನೋ ಪೆಥಾಲಜಿ ಪ್ರೊಫೆಸರ್ ಹತ್ತಿರ ಕೆಲಸ. ಹೀಗೇ ನಾಲ್ಕೈದು ವರ್ಷ ಇದ್ದಿದ್ದರೆ ಏನಾಗ್ತಿತ್ತೋ, 1914ರಲ್ಲಿ ಮಹಾಯುದ್ಧ ಶುರುವಾಯಿತು. ಜಪಾನ್ ಮತ್ತೆ ಜರ್ಮನಿ ಎದುರಾಳಿಗಳಾದವು. ಜರ್ಮನಿ ಬಿಟ್ಟರು, ಇಂಗ್ಲೆಂಡ್ ದಾಟಿ ಜಪಾನ್ ಸೇರಿದರು. 1916ರಲ್ಲಿ ಮನೆಯ ಕಾರಣಗಳಿಗಾಗಿ ವಿಶ್ವವಿದ್ಯಾಲಯದ ದಾರಿಯನ್ನೂ ಬಿಟ್ಟು ಇಗಾಗೆ ಹೋಗಿ ಊರ ಡಾಕ್ಟರಾದರು.

ಈ ಜಾಗದಲ್ಲಿ ನಮ್ಮ ನಾಲ್ಕು ಜನರ ನಡುವೆ ಜಗಳವೇ ಆಯ್ತು. ಒಬ್ಬ ಹೇಳಿದ, ಇದು ದುರಂತ, ಇಷ್ಟು ತಲೆ ಇರೋ ಮನುಷ್ಯ ಹಳ್ಳಿಗಾಡಿನಲ್ಲಿ ಕೊಳೆತುಹೋದ ಅಂತ. ಇನ್ನೊಬ್ಬನಿಗೆ ಸಿಟ್ಟು ಬಂತು. ಅವನಪ್ಪ ಗುಬ್ಬಿ ಹತ್ತಿರ ಸರ್ಕಾರಿ ಕೆಲಸದಲ್ಲಿದ್ದಾರೆ, ಬೆಂಗಳೂರಿಗೆ ಟ್ರಾನ್ಸ್‌ಫರ್ ಬೇಡ ಅಂದವರು. ಊರಿಗೆ ವಾಪಸ್ ಹೋಗೋದು ಯಾಕೆ ಯಾವಾಗಲೂ ಸೋಲು ಅಂತ ಲೆಕ್ಕ ಅಂತ ಅವನ ವಾದ. ರಾತ್ರಿ ಒಂದು ಗಂಟೆವರೆಗೆ ಮಾತಾಡಿದೆವು, ಮುಗಿಯಲಿಲ್ಲ. ಬಿ.ಇ. ಆದಮೇಲೆ ಏನು ಅನ್ನೋದು ಆ ಮಾತಿನ ಕೆಳಗೆ ಕೂತಿತ್ತು ಅಂತ ಎಲ್ಲರಿಗೂ ಗೊತ್ತಿತ್ತು.

ಹಶಿಮೊಟೊ ಮಾತ್ರ ಕೊಳೆಯಲಿಲ್ಲ. ಇಗಾ ಸುತ್ತಮುತ್ತ ಅವರು ಬೇಕಾದ ಸರ್ಜನ್. ರೋಗಿಗಳ ಮನೆಗೆ ರಿಕ್ಷಾದಲ್ಲಿ ಹೋಗ್ತಿದ್ದರಂತೆ, ಮನುಷ್ಯರು ಎಳೆಯೋ ಆ ಕಾಲದ ರಿಕ್ಷಾ. ದುಡ್ಡಿಲ್ಲದವರ ಹತ್ತಿರ ಫೀಸಿಗೆ ಒತ್ತಾಯ ಮಾಡ್ತಿರಲಿಲ್ಲ ಅಂತ ಅವರ ಬಗ್ಗೆ ಬರೆದವರು ಹೇಳ್ತಾರೆ. ಹೀಗೇ ಹದಿನೇಳು ಹದಿನೆಂಟು ವರ್ಷ.

ಇತ್ತ ಯುರೋಪು ಅಮೆರಿಕದಲ್ಲಿ ಅವರ ಕಾಯಿಲೆಯನ್ನು ಬಹಳ ಜನ ಒಪ್ಪಲೇ ಇಲ್ಲ. ಇದು ರೀಡೆಲ್ ಕಾಯಿಲೆಯ ಮೊದಲ ಹಂತ, ಬೇರೆ ಏನಲ್ಲ ಅಂತ ದೊಡ್ಡವರು ತಳ್ಳಿಹಾಕಿದರು. 1931ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಆಲನ್ ಗ್ರಹಾಂ ಮತ್ತೆ ಮೆಕ್ಲಾ ಅನ್ನೋರು ಒಂದು ಪ್ರಬಂಧ ಬರೆದು, ಇಲ್ಲ, ಇವೆರಡೂ ಬೇರೆ ಬೇರೆ, ಆ ಜಪಾನಿನವರು ಹೇಳಿದ್ದೇ ಸರಿ ಅಂದರು. ಶೀರ್ಷಿಕೆಯಲ್ಲೇ ಹಶಿಮೊಟೊ ಅಂತ ಹೆಸರು ಹಾಕಿದರು. ಹತ್ತೊಂಬತ್ತು ವರ್ಷ ಆಗಿತ್ತು. ಅದಾಗಿ ಮೂರು ವರ್ಷಕ್ಕೆ, 1934ರ ಜನವರಿ 9ರಂದು ಹಶಿಮೊಟೊ ತೀರಿಕೊಂಡರು. ಟೈಫಾಯ್ಡ್. ವಯಸ್ಸು 52. ಟೈಫಾಯ್ಡಿಗೆ ಕೆಲಸ ಮಾಡೋ ಆಂಟಿಬಯಾಟಿಕ್ ಬರೋಕೆ ಇನ್ನೂ ಹತ್ತು ಹದಿನೈದು ವರ್ಷ ಬಾಕಿ ಇತ್ತು.

ಜೀವನ ಅಲ್ಲಿಗೆ ಮುಗಿಯಿತು, ಕೆಲಸ ಮುಗಿಯಲಿಲ್ಲ. ಆ ಲಿಂಫೊಸೈಟ್‌ಗಳು ಥೈರಾಯ್ಡಿನಲ್ಲಿ ಯಾಕೆ ಠಿಕಾಣಿ ಹೂಡಿದ್ದವು? 1912ರಲ್ಲಿ ಇದಕ್ಕೆ ಉತ್ತರ ಸಿಗೋದು ಸಾಧ್ಯವೇ ಇರಲಿಲ್ಲ, ಯಾಕಂದ್ರೆ ಉತ್ತರಕ್ಕೆ ಹೋಗೋ ಬಾಗಿಲನ್ನೇ ಒಬ್ಬ ಮಹಾನುಭಾವರು ಮುಚ್ಚಿದ್ದರು. 1908ರಲ್ಲಿ ನೊಬೆಲ್ ಪಡೆದ ಪಾಲ್ ಎರ್ಲಿಶ್. ದೇಹ ತನ್ನ ಮೇಲೇ ವಿಷ ತಯಾರು ಮಾಡಿಕೊಳ್ಳೋಕೆ ಹೆದರುತ್ತೆ, ಹಾಗೆ ಆಗದ ಹಾಗೆ ಅದರಲ್ಲೇ ಒಂದು ವ್ಯವಸ್ಥೆ ಇದೆ ಅಂತ ಅವರ ಮಾತು. ಅವರು ಹೇಳಿದ್ದು ಇನ್ನೂ ನಾಜೂಕಾಗಿತ್ತು, ಕೇಳಿಸಿಕೊಂಡವರು ಅದನ್ನು ಕಾನೂನು ಮಾಡಿಕೊಂಡರು. ದೇಹ ತನ್ನನ್ನೇ ಹೊಡೆಯೋದಿಲ್ಲ, ಮುಗೀತು.

ಕಾನೂನು ಮುರಿದಿದ್ದು 1956ರಲ್ಲಿ. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಡೆಬೊರಾ ಡೋನಿಯಾಕ್ ಅನ್ನೋ ಡಾಕ್ಟರು ಹಶಿಮೊಟೊ ರೋಗಿಗಳನ್ನು ನೋಡ್ತಾ ಇದ್ದರು. ಈ ರೋಗಿಗಳ ರಕ್ತದಲ್ಲಿ ಆಂಟಿಬಾಡಿ ಇರೋ ಗ್ಲೋಬ್ಯುಲಿನ್ ಭಾಗ ಜಾಸ್ತಿ ಇರೋದು, ಗ್ರಂಥಿ ತೆಗೆದುಹಾಕಿದ ಮೇಲೆ ಅದು ಇಳಿಯೋದು, ಇವೆರಡೂ ತಲೆಯಲ್ಲಿ ಉಳಿದುಕೊಂಡವು. ಹಾಗಿದ್ದರೆ ಆ ಆಂಟಿಬಾಡಿ ಗ್ರಂಥಿಯ ವಿರುದ್ಧವೇ ಇರಬಹುದಾ? ಇವಾನ್ ರಾಯ್ಟ್, ಪೀಟರ್ ಕ್ಯಾಂಪ್‌ಬೆಲ್ ಜೊತೆ ಸೇರಿ ಬಹಳ ಸರಳವಾದ ಪ್ರಯೋಗ ಮಾಡಿದರು. ರೋಗಿಯ ರಕ್ತದ ತಿಳಿಯನ್ನು ಥೈರಾಯ್ಡಿನ ರಸದ ಜೊತೆ ಬೆರೆಸಿದರು. ಅದು ಒಡೆದು ಗಷ್ಟು ಕಟ್ಟಿತು. ರೋಗಿಯ ರಕ್ತ ಥೈರೋಗ್ಲೋಬ್ಯುಲಿನನ್ನು ಶತ್ರು ಅಂತ ಹಿಡಿದಿತ್ತು. ಅದೇ ವರ್ಷ ಅಮೆರಿಕದ ಬಫಲೋದಲ್ಲಿ ನೋಯೆಲ್ ರೋಸ್ ಮತ್ತೆ ಅರ್ನೆಸ್ಟ್ ವಿಟೆಬ್‌ಸ್ಕಿ ಮೊಲಗಳಿಗೆ ಮೊಲದ್ದೇ ಥೈರಾಯ್ಡಿನ ರಸ ಚುಚ್ಚಿದ್ದರು. ಮೊಲಗಳ ಗ್ರಂಥಿಯನ್ನು ಕೊಯ್ದು ನೋಡಿದರೆ ಹಶಿಮೊಟೊ ಬಿಡಿಸಿದ್ದ ಚಿತ್ರ. ವಿಟೆಬ್‌ಸ್ಕಿ ಎರ್ಲಿಶ್ ಪರಂಪರೆಯವರೇ. ತಮ್ಮ ಕಣ್ಣನ್ನು ತಾವೇ ನಂಬದೆ ವರ್ಷಗಟ್ಟಲೆ ಪರೀಕ್ಷಿಸಿ ಆಮೇಲೆ ಪ್ರಕಟಿಸಿದರು.

ಅದೇ 1956ರ ನವೆಂಬರ್ 1ಕ್ಕೆ ಚೂರುಚೂರಾಗಿದ್ದ ಕನ್ನಡ ನಾಡು ಒಂದಾಯಿತು. ಅದೇ ವರ್ಷ ವಿ. ರಾಮಲಿಂಗಸ್ವಾಮಿ ಮತ್ತು ಜೊತೆಯವರು ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಉಪ್ಪಿಗೆ ಅಯೋಡಿನ್ ಸೇರಿಸಿ ಗಳಗಂಡ ಕಮ್ಮಿ ಮಾಡೋ ಪ್ರಯೋಗ ಶುರು ಮಾಡಿದರು. ನಮ್ಮ ಅಡುಗೆಮನೆಯ ಉಪ್ಪಿನ ಪ್ಯಾಕೆಟ್ಟಿನ ಮೇಲೆ ಅಯೋಡಿನ್ ಅಂತ ಇರೋದಕ್ಕೆ ಆ ಪ್ರಯೋಗ ಒಂದು ಮುಖ್ಯ ಕಾರಣ. ಇದನ್ನು ಹೇಳೋದಕ್ಕೂ ಒಂದು ಉದ್ದೇಶ ಇದೆ. ಥೈರಾಯ್ಡ್ ಅಂದ ಕೂಡಲೇ ಉಪ್ಪು ಜಾಸ್ತಿ ತಿನ್ನು, ಕೋಸು ಬಿಡು ಅಂತ ಅಕ್ಕಪಕ್ಕದವರೆಲ್ಲ ಡಾಕ್ಟರಾಗ್ತಾರೆ. ಕಾಂಗ್ರಾದ್ದು ಅಯೋಡಿನ್ ಕೊರತೆಯ ಗಳಗಂಡ. ಹಶಿಮೊಟೊ ಅದಲ್ಲ. ಇಲ್ಲಿ ಕಚ್ಚಾ ಸಾಮಾನು ಇದೆ, ಫ್ಯಾಕ್ಟರಿಗೇ ಬೆಂಕಿ ಬಿದ್ದಿದೆ. ಅಯೋಡಿನ್ ಅತಿಯಾದ್ರೆ ಈ ಕಾಯಿಲೆ ಇರೋರಿಗೆ ತೊಂದರೆ ಹೆಚ್ಚಾಗಲೂಬಹುದು.

ಹೊಡೀತಾ ಇರೋದು ದೇಹವೇ ಅಂತ ಗೊತ್ತಾಯಿತು. ಆದರೆ ಥೈರಾಯ್ಡ್ ಜೀವಕೋಶ ಸುಮ್ಮನೆ ಹೊಡೆಸಿಕೊಳ್ಳುತ್ತಾ, ಅದರದ್ದೂ ಏನಾದ್ರೂ ಪಾತ್ರ ಇದೆಯಾ? ಇಲ್ಲಿಂದ ಮುಂದಿನದು ಕಂಪ್ಯೂಟರ್ ಸೈನ್ಸ್‌ನವರಿಗೆ ಬೇಗ ಅರ್ಥ ಆಗುತ್ತೆ. ನಮ್ಮ ದೇಹದ ಹೆಚ್ಚುಕಮ್ಮಿ ಎಲ್ಲ ಜೀವಕೋಶದಲ್ಲೂ ಇರೋದು ಒಂದೇ ಕೋಡು, ಸುಮಾರು 20,000 ಪ್ರೋಟೀನ್‌ಗಳ ಜೀನು. ಯಾವ ಜೀವಕೋಶದಲ್ಲಿ ಯಾವ ಫಂಕ್ಷನ್ ಓಡುತ್ತೆ ಅನ್ನೋದರಲ್ಲಿ ವ್ಯತ್ಯಾಸ. ಥೈರಾಯ್ಡ್ ಜೀವಕೋಶದಲ್ಲಿ ಥೈರೋಗ್ಲೋಬ್ಯುಲಿನ್ ಜೀನು ಓಡುತ್ತೆ, ಅಯೋಡಿನ್ ಅಂಟಿಸೋ ಟಿಪಿಒ ಜೀನು ಓಡುತ್ತೆ. ಅಮ್ಮನ ರಿಪೋರ್ಟಿನ ಆಂಟಿ-ಟಿಪಿಒ ಅಂದ್ರೆ ಈ ಟಿಪಿಒ ಮೇಲೆ ತಯಾರಾದ ಆಂಟಿಬಾಡಿ. ಚರ್ಮದಲ್ಲೂ ಲಿವರ್‌ನಲ್ಲೂ ಅದೇ ಜೀನುಗಳಿವೆ, ಆದರೆ ಬಾಯಿ ಮುಚ್ಚಿಕೊಂಡಿರುತ್ತವೆ.

ಎಚ್‌ಎಲ್‌ಎ-ಡಿಆರ್ ಅಂತ ಇನ್ನೊಂದು ಪ್ರೋಟೀನಿದೆ. ಇದರ ಕೆಲಸ ಪ್ರೋಟೀನಿನ ಚೂರೊಂದನ್ನು ಕೈಯಲ್ಲಿ ಹಿಡಿದು ಟಿ ಲಿಂಫೊಸೈಟ್‌ಗೆ ತೋರಿಸೋದು, ಇದು ಯಾರು ನೋಡು ಅಂತ. ಇದನ್ನು ತೋರಿಸೋ ಹಕ್ಕು ರೋಗನಿರೋಧಕ ವ್ಯವಸ್ಥೆಯ ಕೆಲವೇ ಜೀವಕೋಶಗಳಿಗೆ. ಆರೋಗ್ಯವಾಗಿರೋ ಥೈರಾಯ್ಡ್ ಜೀವಕೋಶದಲ್ಲಿ ಆ ಜೀನು ಆಫ್. 1983ರಲ್ಲಿ ಅದೇ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಬೊಟಾಜೊ, ಪುಜೋಲ್-ಬೊರೆಲ್, ಜಪಾನಿನಿಂದ ಬಂದಿದ್ದ ಹನಾಫುಸಾ, ಮತ್ತೆ ಅದೇ ಡೋನಿಯಾಕ್, ಇವರೆಲ್ಲ ಕಂಡಿದ್ದು ಏನಂದ್ರೆ, ಇಂಥ ಕಾಯಿಲೆ ಬಂದ ಗ್ರಂಥಿಯಲ್ಲಿ ಥೈರಾಯ್ಡ್ ಜೀವಕೋಶಗಳೇ ಡಿಆರ್ ಹೊತ್ತು ನಿಂತಿವೆ. ಆಫ್ ಇರಬೇಕಾದ ಜೀನು ಆನ್ ಆಗಿದೆ. ಅಂದ್ರೆ ಹೊಡೆಸಿಕೊಳ್ಳೋ ಜೀವಕೋಶವೇ ತನ್ನೊಳಗಿನ ಚೂರುಗಳನ್ನು ಸೈನ್ಯಕ್ಕೆ ತೋರಿಸ್ತಾ ಇರಬಹುದು. ಆನ್ ಮಾಡಿದ್ದು ಯಾರು ಅಂತ ಹುಡುಕಿದಾಗ ಸಿಕ್ಕಿದ್ದು ಇಂಟರ್‌ಫೆರಾನ್ ಗಾಮಾ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ಥೈರಾಯ್ಡ್ ಜೀವಕೋಶಕ್ಕೆ ಇದನ್ನು ಹಾಕಿದರೆ ಡಿಆರ್ ಬರುತ್ತೆ. ಈ ಇಂಟರ್‌ಫೆರಾನನ್ನು ಬಿಡೋದು ಯಾರು? ಟಿ ಲಿಂಫೊಸೈಟ್‌ಗಳೇ.

ಇಲ್ಲಿ ಗಂಟು ಬಿತ್ತು. ಡಿಆರ್ ಬಂದಿದ್ದಕ್ಕೆ ಲಿಂಫೊಸೈಟ್ ಬಂದವಾ, ಲಿಂಫೊಸೈಟ್ ಬಂದಿದ್ದಕ್ಕೆ ಡಿಆರ್ ಬಂತಾ? ಮೊಟ್ಟೆ ಮೊದಲೋ ಕೋಳಿ ಮೊದಲೋ. (ಕೋಳಿಗಳಿಗೂ ಈ ಕಾಯಿಲೆ ಬರುತ್ತೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ಒಂದು ತಳಿಗೆ ತಾನಾಗೇ ಬರೋದು, ಅದರ ಮೇಲೆ ವರ್ಷಗಟ್ಟಲೆ ಸಂಶೋಧನೆ ಆಗಿದೆ. ಅಮ್ಮ ಅಂದಿದ್ದು ಪೂರ್ತಿ ತಪ್ಪಲ್ಲ ನೋಡಿ.) ಈಗ ಹೆಚ್ಚಿನವರು ಹೇಳೋದು, ಡಿಆರ್ ಬೆಂಕಿ ಹಚ್ಚೋದಿಲ್ಲ, ಹತ್ತಿದ ಬೆಂಕಿ ಆರದ ಹಾಗೆ ನೋಡಿಕೊಳ್ಳುತ್ತೆ ಅಂತ. ನಮ್ಮ ಸಿಗ್ನಲ್ಸ್ ಕ್ಲಾಸಿನ ಪಾಸಿಟಿವ್ ಫೀಡ್‌ಬ್ಯಾಕ್ ಅದೇ. ಮೊದಲ ಕಿಡಿಯಲ್ಲಿ ಮನೆತನದಿಂದ ಬಂದ ಜೀನುಗಳ ಪಾಲಿದೆ, ಅಯೋಡಿನ್, ಸೋಂಕು, ಹೆರಿಗೆ ಮುಂತಾದವುಗಳ ಪಾಲೂ ಇದೆ. ಒಂದೇ ಜೀನುಗಳಿರೋ ಅವಳಿಗಳಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದೇ ಇರೋದೂ ಉಂಟು. ಗಂಡಸರಿಗಿಂತ ಹೆಂಗಸರಿಗೆ ಹಲವು ಪಟ್ಟು ಜಾಸ್ತಿ. ಬೆಂಗಳೂರೂ ಸೇರಿ ಎಂಟು ನಗರಗಳಲ್ಲಿ 5,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ನೂರಕ್ಕೆ 11 ಜನರಿಗೆ ಥೈರಾಯ್ಡ್ ಹಾರ್ಮೋನು ಕಮ್ಮಿ ಇತ್ತು. ನಮ್ಮ ಒಂದು ಸೆಕ್ಷನ್ನಿನಲ್ಲಿ ಅರವತ್ತು ಜನ. ಅರವತ್ತು ಅಮ್ಮಂದಿರು.

ಹಶಿಮೊಟೊ ಬದುಕಿದ್ದಾಗಲೇ, 1914ರ ಕ್ರಿಸ್‌ಮಸ್ ದಿನ, ಅಮೆರಿಕದಲ್ಲಿ ಕೆಂಡಾಲ್ ಅನ್ನೋರು ಥೈರಾಕ್ಸಿನ್ ಹಾರ್ಮೋನನ್ನು ಬೇರ್ಪಡಿಸಿದ್ದರು. ಇವತ್ತು ಅದನ್ನೇ ಕಾರ್ಖಾನೆಯಲ್ಲಿ ತಯಾರಿಸಿ ಮಾತ್ರೆ ಮಾಡ್ತಾರೆ. ಯುದ್ಧ ನಿಲ್ಲಿಸೋ ಔಷಧಿ ಇನ್ನೂ ಇಲ್ಲ. ಗ್ರಂಥಿ ಕೊಡಲಾರದ್ದನ್ನು ಮಾತ್ರೆ ಕೊಡುತ್ತೆ, ದಿನಾ, ಜೀವನಪೂರ್ತಿ. ಕಷ್ಟ ಅದಲ್ಲ. ಕಷ್ಟ ಇರೋದು ಪರೀಕ್ಷೆ ಮಾಡಿಸೋವರೆಗೆ.

ಇದನ್ನು ಬರೆಯೋಕೆ ನಮ್ಮ ಗೆಳೆಯ ಒಪ್ಪಿದ್ದು ಹೆಸರು ಹಾಕಬಾರದು ಅನ್ನೋ ಷರತ್ತಿನ ಮೇಲೆ. ಅವನು ನಮಗೊಂದು ವಿಷಯ ಹೇಳಿದ. ಪಿಯುಸಿಯಿಂದ ಹಾಸ್ಟೆಲ್ಲಿನಲ್ಲಿದ್ದವನು. ಅಮ್ಮ ಫೋನ್ ಮಾಡಿದಾಗ ಮಾತು ನಿಧಾನ, ಗಂಟಲು ಒರಟು, ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ನಡುವೆ ಗ್ಯಾಪು. ಇವನಿಗೆ ತಾಳ್ಮೆ ಇರ್ತಿರಲಿಲ್ಲ. ಕ್ಲಾಸಿದೆ ಅಂತ ಇಟ್ಟುಬಿಡ್ತಿದ್ದ. ಎಷ್ಟೋ ಸಲ ಕ್ಲಾಸ್ ಇರಲಿಲ್ಲ. ಮಾತು ನಿಧಾನ ಆಗೋದು, ದನಿ ಒರಟಾಗೋದು ಎರಡೂ ಈ ಕಾಯಿಲೆಯ ಲಕ್ಷಣದ ಪಟ್ಟಿಯಲ್ಲಿವೆ. ಆ ಪಟ್ಟಿಯನ್ನು ಓದಿದ ರಾತ್ರಿ ಅವನು ಊಟ ಮಾಡಲಿಲ್ಲ. ನಾವು ಏನೂ ಹೇಳಲಿಲ್ಲ, ಹೇಳೋಕೆ ಏನಿದೆ.

ಫುಕುವೊಕಾದಲ್ಲಿ ಅವರು ಓದಿದ ಮೆಡಿಕಲ್ ಕಾಲೇಜು ಈಗ ಕ್ಯೂಶೂ ವಿಶ್ವವಿದ್ಯಾಲಯದ ಭಾಗ. ಅಲ್ಲಿ ಕ್ಯಾಂಪಸ್ಸಿನ ಒಂದು ರಸ್ತೆಗೆ ಹಶಿಮೊಟೊ ಹೆಸರಿಟ್ಟಿದ್ದಾರೆ.

ಒಂದೂವರೆ ತಿಂಗಳಾದ ಮೇಲೆ ಮತ್ತೆ ಪರೀಕ್ಷೆಗೆ ಅಂತ ಅಮ್ಮ ಶಿರಾ ಗೇಟ್‌ಗೆ ಬಂದರು. ಈ ಸಲ ಮೆಟ್ಟಿಲನ್ನು ನಡುವೆ ನಿಲ್ಲದೇ ಹತ್ತಿದರು. ರಾತ್ರಿ ರೊಟ್ಟಿ ತಟ್ಟುತ್ತಾ ಕೂತಿದ್ದಾಗ ನಾವು ಅವರಿಗೆ ಈ ಕಥೆ ಪೂರ್ತಿ ಹೇಳಿದೆವು. ಇಗಾ, ಆ ನಾಲ್ಕು ಹೆಂಗಸರು, ರಿಕ್ಷಾ, ಟೈಫಾಯ್ಡ್. ತೀರಿಕೊಂಡಾಗ ಎಷ್ಟು ವಯಸ್ಸು ಅಂತ ಕೇಳಿದರು. 52 ಅಂದೆವು. ಸ್ವಲ್ಪ ಹೊತ್ತು ಲೆಕ್ಕ ಹಾಕಿ, ತಮ್ಮ ಯಜಮಾನರಿಗೂ ಈಗ ಅಷ್ಟೇ ಅಂದರು. ಪಾಪ, ಇನ್ನೂ ಸಣ್ಣ ವಯಸ್ಸು ಅಂದರು.

ಬೆಳಗ್ಗೆ ಆರು ಗಂಟೆಗೆ ಎದ್ದು ನೋಡಿದ್ರೆ ಅಡುಗೆಮನೆಯಲ್ಲಿ ದೀಪ. ಅಮ್ಮ ಹಸಿಮೊಟ್ಟೆ ಮಾತ್ರೆ ತಗೊಂಡು, ಒಂದು ಲೋಟ ನೀರು ಕುಡಿದು, ಗಡಿಯಾರ ನೋಡ್ತಾ ಕೂತಿದ್ದರು. ಪಕ್ಕದಲ್ಲಿ ಅವರ ಮಗ ಕಾಫಿಪುಡಿ ಡಬ್ಬಿ ಹಿಡಿದುಕೊಂಡು ಕೂತಿದ್ದ. ಒಲೆ ಹಚ್ಚೋಕೆ ಇನ್ನೂ ಅರ್ಧ ಗಂಟೆ ಇತ್ತು. ಅಮ್ಮ ಊರಿನಲ್ಲಿ ಎಮ್ಮೆ ಕರು ಹಾಕಿದ್ದನ್ನು ಹೇಳ್ತಾ ಇದ್ದರು, ನಿಧಾನವಾಗಿ, ಮೊದಲಿನಿಂದ, ಅವನು ಕೇಳಿಸಿಕೊಳ್ತಾ ಇದ್ದ.